ಶುಗರ್ ಹತೋಟಿಯಲ್ಲಿದೆ, ಹಾಗಾದರೆ ಬಿಪಿ ಗುಳಿಗೆ ಏಕೆ?

ಪ್ರಶ್ನೆ: ನಾವು ಗದಗ ಜಿಲ್ಲೆಯ ರೋಣ ತಾಲ್ಲೂಕಿನವರು. ಒಕ್ಕಲುತನ ಮಾಡುವ ನನ್ನ ಪತಿಗೆ 57 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಮೂರು ತಿಂಗಳ ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ) 6.8 ಬಂದಿದೆ. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಬಿಪಿ 154/84 ಇತ್ತು, ಹದಿನೈದು ದಿನ ಬಿಟ್ಟು ನೋಡಿದಾಗ 148/86. ಕ್ರಿಯಾಟಿನಿನ್ 1.1, ಮೂತ್ರದ ಎಸಿಆರ್ 86 ಎಂದು ವರದಿಯಲ್ಲಿದೆ. ವೈದ್ಯರು ಟೆಲ್ಮಿಸಾರ್ಟನ್ 40 ಬರೆದುಕೊಟ್ಟರು. ಇವರು ಹತ್ತು ದಿನ ನುಂಗಿ ಬಿಟ್ಟುಬಿಟ್ಟರು. ‘ತಲೆನೋವಿಲ್ಲ, ಶುಗರ್ ಚೆನ್ನಾಗಿದೆ, ಬಿಪಿ ಗುಳಿಗೆ ಒಮ್ಮೆ ಹಚ್ಚಿಕೊಂಡರೆ ಸಾಯುವವರೆಗೆ ಬಿಡುವಂತಿಲ್ಲ’ ಎನ್ನುತ್ತಾರೆ. ನಮ್ಮ ಸಂಬಂಧಿಕರೊಬ್ಬರಿಗೆ ಬಿಪಿ ಗುಳಿಗೆ ಶುರುವಾದ ಮೇಲೆಯೇ ಕಿಡ್ನಿ ಹೋಯಿತು, ಈಗ ಡಯಾಲಿಸಿಸ್ ಮಾಡಿಸುತ್ತಿದ್ದಾರೆ. ಆ ಹೆದರಿಕೆಯೂ ಇದೆ. ಗುಳಿಗೆ ನುಂಗುತ್ತಿದ್ದ ದಿನಗಳಲ್ಲಿ ಹೊಲದಲ್ಲಿ ಬಗ್ಗಿ ಎದ್ದಾಗ ಎರಡು ಸಲ ಇವರಿಗೆ ಕಣ್ಣು ಕತ್ತಲೆ ಬಂದಿತ್ತು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ನೋವಿನ ಗುಳಿಗೆ ಮಾತ್ರ ಬಿಡದೆ ನುಂಗುತ್ತಾರೆ. ಬಿಪಿ ಗುಳಿಗೆ ನಿಜವಾಗಿಯೂ ಬೇಕೇ? ನಡಿಗೆ, ಬೆಳ್ಳುಳ್ಳಿ ಸಾಲದೆ?

ಉತ್ತರ: ಬೇಕು. ನಿಮ್ಮ ಪತ್ರದಲ್ಲಿ ಐದಾರು ಸಂಖ್ಯೆಗಳಿವೆ. ನಿಮ್ಮ ಪತಿ 6.8 ಹಿಡಿದುಕೊಂಡು ಸಮಾಧಾನದಲ್ಲಿದ್ದಾರೆ, ನೀವು 154 ನೋಡಿ ಗಾಬರಿಯಾಗಿದ್ದೀರಿ. ನನ್ನ ಕಣ್ಣು ಮೊದಲು ನಿಂತದ್ದು ನೀವು ಏನೂ ಕೇಳದೆ ಬರೆದುಬಿಟ್ಟ ಎಸಿಆರ್ 86ರ ಮೇಲೆ.

ಎಸಿಆರ್ ಎಂದರೆ ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಲ್ಬುಮಿನ್ ಸೋರಿ ಹೋಗುತ್ತಿದೆ ಎಂಬ ಲೆಕ್ಕ. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡಗಳು ರಕ್ತದಿಂದ ಸೋಸಿ ಹೊರಹಾಕುವ ಒಂದು ತ್ಯಾಜ್ಯ. ಅಲ್ಬುಮಿನ್ ರಕ್ತದಲ್ಲಿ ಇರಬೇಕಾದ ಪ್ರೋಟೀನು, ಮೂತ್ರಕ್ಕೆ ಬರಬಾರದು. 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರವರೆಗೆ ಇದ್ದರೆ ಸೋರಿಕೆ ಶುರುವಾಗಿದೆ ಎಂದರ್ಥ, 300 ದಾಟಿದರೆ ಮೂತ್ರಪಿಂಡದ ಹಾನಿ ಮುಂದುವರಿದಿದೆ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ವಿಪರೀತ ದುಡಿಮೆಯಿಂದಲೂ ಈ ಅಂಕಿ ತಾತ್ಕಾಲಿಕವಾಗಿ ಏರಬಹುದು. ಆದ್ದರಿಂದ ಮೂರರಿಂದ ಆರು ತಿಂಗಳ ಒಳಗೆ ಇನ್ನೂ ಒಂದೆರಡು ಸಲ ಪರೀಕ್ಷಿಸಿ, ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಖಚಿತ ಎನ್ನುತ್ತೇವೆ. ಆದರೆ ಒಂಬತ್ತು ವರ್ಷದ ಮಧುಮೇಹ, ಎರಡು ಸಲ ಏರಿದ ಬಿಪಿ, ಜೊತೆಗೆ 86 ಎಂದರೆ ಇದು ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ.

ಕ್ರಿಯಾಟಿನಿನ್ 1.1 ಇದೆಯಲ್ಲ, ಅದು ಸರಿಯಾಗಿಯೇ ಇದೆಯಲ್ಲ ಎಂದು ನೀವು ಕೇಳಬಹುದು. 57 ವರ್ಷದ ಗಂಡಸಿನಲ್ಲಿ 1.1 ಎಂದರೆ ಮೂತ್ರಪಿಂಡದ ಸೋಸುವ ವೇಗ ಸುಮಾರು 78ರ ಆಸುಪಾಸು ಬರುತ್ತದೆ, ಗಾಬರಿಪಡುವ ಮಟ್ಟವಲ್ಲ. ಆದರೆ ಕ್ರಿಯಾಟಿನಿನ್ ತಡವಾಗಿ ಬಾಯಿ ಬಿಡುವ ಸಾಕ್ಷಿ. ಸೋಸುವ ಶಕ್ತಿ ಅರ್ಧದಷ್ಟು ಹೋಗುವವರೆಗೂ ಅದು ಸಾಮಾನ್ಯ ಮಿತಿಯ ಒಳಗೇ ಇದ್ದುಬಿಡಬಹುದು. ಅಲ್ಬುಮಿನ್ ವರ್ಷಗಟ್ಟಲೆ ಮುಂಚೆಯೇ ಹೇಳುತ್ತದೆ. ಉಣಕಲ್ ಕೆರೆಯ ದಂಡೆಯ ಮೇಲೆ ಬೆಳಗಿನ ನಡಿಗೆಗೆ ಬರುವವರು ಒಬ್ಬರಿಗೊಬ್ಬರು ಶುಗರ್ ಎಷ್ಟು ಎಂದು ಕೇಳಿಕೊಳ್ಳುವುದನ್ನು ಕೇಳಿದ್ದೇನೆ. ಎಸಿಆರ್ ಎಷ್ಟು ಎಂದು ಕೇಳಿದವರನ್ನು ಇದುವರೆಗೆ ಕಂಡಿಲ್ಲ. ಅಗ್ಗದ ಪರೀಕ್ಷೆ, ಒಂದು ಸಣ್ಣ ಡಬ್ಬಿ ಮೂತ್ರ ಸಾಕು. ಟೈಪ್ 2 ಮಧುಮೇಹ ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ಆಗಬೇಕಾದದ್ದು. ನಿಮ್ಮ ವೈದ್ಯರು ಅದನ್ನು ಬರೆಸಿದ್ದಾರೆಂದರೆ ಅವರು ಸರಿಯಾದ ಕಡೆಗೇ ನೋಡುತ್ತಿದ್ದಾರೆ.

ಸಕ್ಕರೆ ಮತ್ತು ರಕ್ತದೊತ್ತಡ ಇವೆರಡೂ ಒಂದೇ ಮನೆಗೆ ಬಂದು ಕೂರುವುದು ಕಾಕತಾಳೀಯವಲ್ಲ. ಟೈಪ್ 2 ಮಧುಮೇಹದ ಮೂಲದಲ್ಲಿ ಇನ್ಸುಲಿನ್‌ಗೆ ದೇಹ ಬಗ್ಗದಿರುವ ಗುಣವಿದೆ. ಆಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಸಕ್ಕರೆಯ ವಿಷಯದಲ್ಲಿ ಇನ್ಸುಲಿನ್ ಮಾತು ಕೇಳದ ದೇಹ, ಉಪ್ಪನ್ನು ಹಿಡಿದಿಡು ಎಂಬ ಅದರ ಮಾತನ್ನು ಮಾತ್ರ ಚೆನ್ನಾಗಿಯೇ ಕೇಳುತ್ತದೆ. ಸಾಲದ್ದಕ್ಕೆ, ಮೂತ್ರಪಿಂಡಗಳು ರಕ್ತದಿಂದ ಸೋಸಿದ ಸಕ್ಕರೆಯನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಸೋಡಿಯಂ ಅನ್ನೂ ಜೊತೆಗೇ ಎಳೆದುಕೊಳ್ಳುತ್ತವೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಒಳಗೆ ಉಳಿಯುವ ಉಪ್ಪು ಹೆಚ್ಚು, ಉಪ್ಪಿನ ಹಿಂದೆ ನೀರು. ಹೊಟ್ಟೆಯ ಸುತ್ತ ಕೂಡಿದ ಕೊಬ್ಬು ನರಮಂಡಲವನ್ನು ಕೆರಳಿಸಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ವರ್ಷಗಳು ಕಳೆದಂತೆ ದೊಡ್ಡ ರಕ್ತನಾಳಗಳು ಹಿಗ್ಗುವ ಗುಣ ಕಳೆದುಕೊಂಡು ಗಡಸಾಗುತ್ತವೆ. ನಿಮ್ಮ ಪತಿಯ 154/84ರಲ್ಲಿ ಮೇಲಿನದ್ದು ಹೆಚ್ಚು ಏರಿ, ಕೆಳಗಿನದ್ದು ಅಷ್ಟೇನೂ ಏರದಿರುವುದು ಈ ಗಡಸುತನದ ಗುರುತು. ‘ಕೆಳಗಿನದು ಸರಿ ಇದೆ, ಮೇಲಿನದು ವಯಸ್ಸಿಗೆ ತಕ್ಕಂತೆ ಏರುವುದೇ’ ಎಂಬ ಮಾತನ್ನು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಐವತ್ತು ದಾಟಿದವರಲ್ಲಿ ಲಕ್ವಾ ಮತ್ತು ಹೃದಯಾಘಾತದ ಮುನ್ಸೂಚನೆ ಕೊಡುವುದು ಮುಖ್ಯವಾಗಿ ಮೇಲಿನ ಸಂಖ್ಯೆಯೇ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹವಿದೆ, ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಮಧುಮೇಹಿಗಳನ್ನು ಮಾತ್ರ ಬೇರೆ ಮಾಡಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬಿಪಿಯೂ ಸಿಗುತ್ತದೆ.

ಈಗ ಮೂತ್ರಪಿಂಡದ ಒಳಗೆ ನಡೆಯುವುದನ್ನು ನಿಮ್ಮ ಪತಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ, ಏಕೆಂದರೆ ಅವರ ಹೆದರಿಕೆಯ ಗಂಟು ಅಲ್ಲಿದೆ. ಪ್ರತಿ ಮೂತ್ರಪಿಂಡದಲ್ಲಿ ಹತ್ತು ಲಕ್ಷದಷ್ಟು ಸೂಕ್ಷ್ಮ ಸೋಸುಗಗಳಿವೆ. ಪ್ರತಿಯೊಂದಕ್ಕೂ ರಕ್ತ ಒಳಬರುವ ಒಂದು ಸಣ್ಣ ನಾಳ, ಹೊರಹೋಗುವ ಇನ್ನೊಂದು. ಮಧುಮೇಹದಲ್ಲಿ ಒಳಬರುವ ನಾಳ ಹಿಗ್ಗುತ್ತದೆ, ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕದಿಂದ ಹೊರಹೋಗುವ ನಾಳ ಬಿಗಿಯುತ್ತದೆ. ಕಾಲುವೆಯ ಮೇಲಿನ ತೂಬನ್ನು ಪೂರ್ತಿ ತೆರೆದು ಕೆಳಗಿನ ತೂಬನ್ನು ಅರ್ಧ ಮುಚ್ಚಿದರೆ ನಡುವಿನ ಒಡ್ಡಿನ ಗತಿ ಏನಾಗುತ್ತದೆ ಎಂದು ಒಕ್ಕಲುತನ ಮಾಡುವವರಿಗೆ ನಾನು ವಿವರಿಸಬೇಕಾಗಿಲ್ಲ. ಅಲ್ಬುಮಿನ್ ಸೋರುವುದು ಆ ಒತ್ತಡದಿಂದ. ಇದರ ಮೇಲೆ ಇಡೀ ದೇಹದ ಬಿಪಿಯೂ ಏರಿದ್ದರೆ ಒತ್ತಡ ಇಮ್ಮಡಿಯಾಗಿ ಸೋಸುಗಗಳು ಒಂದೊಂದಾಗಿ ಗಾಯಗೊಂಡು ಮುಚ್ಚಿಹೋಗುತ್ತವೆ. ಉಳಿದವುಗಳ ಮೇಲೆ ಮತ್ತಷ್ಟು ಭಾರ. ಟೆಲ್ಮಿಸಾರ್ಟನ್ ಮಾಡುವುದು ಇಷ್ಟೇ: ಆಂಜಿಯೊಟೆನ್ಸಿನ್ನಿನ ಕೆಲಸ ತಡೆದು ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ದೇಹದ ಬಿಪಿಯೂ ಇಳಿಯುತ್ತದೆ, ಸೋಸುಗದ ಒಳಗಿನ ಒತ್ತಡವೂ ಇಳಿಯುತ್ತದೆ. ಇದೇ ಗುಂಪಿನ ಲೊಸಾರ್ಟನ್ ಮತ್ತು ಇರ್ಬೆಸಾರ್ಟನ್ ಔಷಧಗಳು ಮಧುಮೇಹಿಗಳ ಮೂತ್ರಪಿಂಡ ವೈಫಲ್ಯವನ್ನು ನಿಧಾನಗೊಳಿಸುತ್ತವೆ ಎಂದು 2001ರಲ್ಲೇ ಎರಡು ದೊಡ್ಡ ಅಧ್ಯಯನಗಳು ತೋರಿಸಿವೆ. ಅಂದರೆ ನಿಮ್ಮವರು ಕಿಡ್ನಿ ಉಳಿಸಿಕೊಳ್ಳಲೆಂದು ಬಿಟ್ಟದ್ದು ಕಿಡ್ನಿ ಉಳಿಸಲೆಂದೇ ಬರೆದುಕೊಟ್ಟ ಗುಳಿಗೆಯನ್ನು.

ಹಾಗಾದರೆ ಸಂಬಂಧಿಕರಿಗೆ ಆದದ್ದೇನು? ಅವರ ಕಾಗದಪತ್ರ ನೋಡದೆ ಖಂಡಿತವಾಗಿ ಹೇಳಲಾರೆ. ಆದರೆ ಇಂತಹ ಕಥೆಗಳ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಹತ್ತು ಹದಿನೈದು ವರ್ಷ ಸಕ್ಕರೆಯೂ ಬಿಪಿಯೂ ಸದ್ದಿಲ್ಲದೆ ಮೂತ್ರಪಿಂಡವನ್ನು ಕೆಡಿಸಿರುತ್ತವೆ. ಕಾಲು ಊದಿ ಆಸ್ಪತ್ರೆಗೆ ಹೋದಾಗ ಬಿಪಿ 190 ಇರುತ್ತದೆ. ಆಗ ಗುಳಿಗೆ ಶುರುವಾಗುತ್ತದೆ. ಆರು ತಿಂಗಳಿಗೆ ಡಯಾಲಿಸಿಸ್ ಬರುತ್ತದೆ. ನೋಡುವವರಿಗೆ ಕಾಣುವುದು ಕೊನೆಯ ಆರು ತಿಂಗಳು ಮಾತ್ರ. ಕೆಟ್ಟ ಮೂತ್ರಪಿಂಡವೇ ಬಿಪಿಯನ್ನು ಏರಿಸುತ್ತದೆ ಎಂಬುದು ಅವರಿಗೆ ಯಾರೂ ಹೇಳಿರುವುದಿಲ್ಲ.

ಹೆದರಿಕೆಯಲ್ಲಿ ಒಂದು ಎಳೆ ಸತ್ಯವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಈ ಗುಳಿಗೆ ಶುರುವಾದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಸೋಸುಗದ ಒಳಗಿನ ಒತ್ತಡ ಇಳಿದದ್ದರ ಫಲ ಅದು. ಮೊದಲಿದ್ದುದಕ್ಕಿಂತ ಶೇ 30ರವರೆಗಿನ ಏರಿಕೆಯನ್ನು ಒಪ್ಪಿಕೊಂಡು ಮುಂದುವರಿಯುತ್ತೇವೆ. ಅದಕ್ಕಿಂತ ಹೆಚ್ಚಾದರೆ ನಿಲ್ಲಿಸಿ ಕಾರಣ ಹುಡುಕುತ್ತೇವೆ. ಪೊಟ್ಯಾಸಿಯಂ ಕೂಡ ಏರಬಹುದು. ಆದ್ದರಿಂದ ಶುರು ಮಾಡಿದ ಒಂದೆರಡು ವಾರದ ಹೊತ್ತಿಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಲೇಬೇಕು. ವಾಂತಿ ಭೇದಿಯಾಗಿ ದೇಹ ಒಣಗಿದ ದಿನಗಳಲ್ಲಿ ಈ ಗುಳಿಗೆಯನ್ನೂ ಮೆಟ್‌ಫಾರ್ಮಿನ್ ಅನ್ನೂ ತಡೆಹಿಡಿದು, ಕೂಡಲೇ ವೈದ್ಯರಿಗೆ ಫೋನ್ ಮಾಡಿ, ಊಟ ನೀರು ಸರಿಯಾದ ಮೇಲೆ ಮತ್ತೆ ಶುರು ಮಾಡಬೇಕು. ಊಟವೇ ಇಲ್ಲದ ದಿನ ಗ್ಲಿಮೆಪಿರೈಡ್ ನುಂಗಿದರೆ ಸಕ್ಕರೆ ಕುಸಿಯುತ್ತದೆ, ಅದನ್ನೂ ಕೇಳಿಕೊಳ್ಳಿ. ಗರ್ಭಿಣಿಯರಿಗೆ ಈ ಗುಂಪಿನ ಔಷಧ ಕೂಡದು. ಮನೆಯಲ್ಲಿ ಒಬ್ಬರ ಚೀಟಿ ನೋಡಿ ಇನ್ನೊಬ್ಬರು ಗುಳಿಗೆ ತರಿಸಿಕೊಳ್ಳುವ ರೂಢಿ ನಮ್ಮಲ್ಲಿ ಇರುವುದರಿಂದ ಇದನ್ನು ಹೇಳಬೇಕಾಯಿತು.

ಇನ್ನೊಂದು ಅಪಾಯ ನಮ್ಮ ಭಾಗಕ್ಕೆ ಚೆನ್ನಾಗಿ ಹೊಂದುವಂಥದ್ದು. ಊರಲ್ಲಿ ಒಬ್ಬರು ವೈದ್ಯರು, ಗದಗದಲ್ಲಿ ಇನ್ನೊಬ್ಬರು, ಹುಬ್ಬಳ್ಳಿಯಲ್ಲಿ ಮತ್ತೊಬ್ಬರು. ಮೂವರ ಚೀಟಿಗಳೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ಅದರಲ್ಲಿ ‘ಸಾರ್ಟನ್’ ಎಂದು ಕೊನೆಯಾಗುವ ಹೆಸರೊಂದು, ‘ಪ್ರಿಲ್’ ಎಂದು ಕೊನೆಯಾಗುವ ಹೆಸರೊಂದು ಒಟ್ಟಿಗೆ ಇದ್ದರೆ ಕೂಡಲೇ ವೈದ್ಯರಿಗೆ ತೋರಿಸಿ. ಟೆಲ್ಮಿಸಾರ್ಟನ್ ಮತ್ತು ರಾಮಿಪ್ರಿಲ್ ಎರಡನ್ನೂ ಕೂಡಿಸಿ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2008ರಲ್ಲಿ ಬಂತು. ಲಾಭ ಹೆಚ್ಚಲಿಲ್ಲ, ಮೂತ್ರಪಿಂಡಕ್ಕೆ ತೊಂದರೆ ಹೆಚ್ಚಿತು. ಡಬ್ಬಿಯ ಮೇಲಿನ ಕಂಪನಿಯ ಹೆಸರು ನೋಡಬೇಡಿ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ ಅಥವಾ ಓದಿಸಿ.

ಮೂತ್ರಪಿಂಡಕ್ಕೆ ನಿಜವಾದ ಶತ್ರು ನಿಮ್ಮ ಮನೆಯಲ್ಲಿ ಈಗಾಗಲೇ ಇದೆ, ಅದು ಆ ಮೊಣಕಾಲಿನ ಗುಳಿಗೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಔಷಧಗಳು ಮೂತ್ರಪಿಂಡಕ್ಕೆ ಒಳಬರುವ ರಕ್ತವನ್ನು ತಗ್ಗಿಸುತ್ತವೆ, ಉಪ್ಪು ನೀರನ್ನು ಹಿಡಿದಿಡುತ್ತವೆ, ಬಿಪಿಯನ್ನು ಏರಿಸುತ್ತವೆ, ಬಿಪಿ ಗುಳಿಗೆಯ ಕೆಲಸವನ್ನೂ ಕೆಡಿಸುತ್ತವೆ. ಟೆಲ್ಮಿಸಾರ್ಟನ್ ಜೊತೆ, ಅದರಲ್ಲೂ ಮೂತ್ರ ಹೆಚ್ಚಿಸುವ ಗುಳಿಗೆಯೂ ಸೇರಿದರೆ, ಒಂದು ಬೇಸಿಗೆಯ ಭೇದಿ ಸಾಕು ಕಿಡ್ನಿ ದಿಢೀರನೆ ಸೋಲಲು. ಹೆಸರು ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ದಿನಕ್ಕೆ ಎರಡರಂತೆ ಇವುಗಳನ್ನು ನುಂಗಿ ದುಡಿಯುವವರನ್ನು ನೋಡಿದಾಗ ನನಗೆ ಸಿಟ್ಟು ಬರುವುದು ಅವರ ಮೇಲಲ್ಲ, ಚೀಟಿ ಕೇಳದೆ ಕೊಡುವವರ ಮೇಲೆ. ನೋವು ತಾಳಲಾಗದಿದ್ದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್, ಮೇಲೆ ಹಚ್ಚುವ ಮುಲಾಮು, ತೊಡೆಯ ಸ್ನಾಯುಗಳನ್ನು ಬಲಗೊಳಿಸುವ ವ್ಯಾಯಾಮ, ಇವುಗಳಿಂದ ಶುರು ಮಾಡಿ. ಜಾತ್ರೆ ಸಂತೆಗಳಲ್ಲಿ ಸಿಗುವ, ಹೆಸರು ಪಟ್ಟಿ ಇಲ್ಲದ ‘ವಾತದ ಪುಡಿ’ಗಳನ್ನೂ ಮುಟ್ಟಬೇಡಿ. ಇಂತಹ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ. ನೋವು ಮಂತ್ರ ಹಾಕಿದಂತೆ ಹೋಗುತ್ತದೆ, ಸಕ್ಕರೆ ಬಿಪಿ ಎರಡೂ ಏರುತ್ತವೆ.

‘ಶುಗರ್ ಚೆನ್ನಾಗಿದ್ದರೆ ಸಾಕಲ್ಲ’ ಎಂಬ ವಾದಕ್ಕೆ ಬರೋಣ. ಇದಕ್ಕೆ ಉತ್ತರ ಬ್ರಿಟನ್ನಿನಲ್ಲಿ ಟೈಪ್ 2 ಮಧುಮೇಹಿಗಳ ಮೇಲೆ ನಡೆದ ಯುಕೆಪಿಡಿಎಸ್ ಎಂಬ ದೀರ್ಘ ಅಧ್ಯಯನದಲ್ಲಿದೆ. ಅದರ ಒಂದು ಭಾಗವಾಗಿ ಬಿಪಿಯೂ ಇದ್ದ 1,148 ಜನರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಬಿಪಿಯನ್ನು ಬಿಗಿಯಾಗಿ, ಇನ್ನೊಂದರಲ್ಲಿ ಸಡಿಲವಾಗಿ ಹಿಡಿದು ಎಂಟು ವರ್ಷಕ್ಕೂ ಮೀರಿ ನೋಡಿದರು. ಬಿಗಿ ಗುಂಪಿನ ಸರಾಸರಿ 144/82, ಸಡಿಲ ಗುಂಪಿನದು 154/87. ಸಡಿಲ ಗುಂಪಿನ ಆ 154 ನಿಮ್ಮ ಪತಿಯ ಸಂಖ್ಯೆಯೇ ಎಂಬುದನ್ನು ಗಮನಿಸಿ. ಮೇಲಿನ ಬಿಪಿಯಲ್ಲಿ ಕೇವಲ ಹತ್ತರ ಅಂತರ. 1998ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬಿಗಿ ಗುಂಪಿನವರಿಗೆ ಲಕ್ವಾ ಶೇ 44ರಷ್ಟು ಕಡಿಮೆ, ಮಧುಮೇಹಕ್ಕೆ ಸಂಬಂಧಿಸಿದ ಸಾವು ಶೇ 32ರಷ್ಟು ಕಡಿಮೆ, ಕಣ್ಣು ಮತ್ತು ಮೂತ್ರಪಿಂಡದ ಸಣ್ಣ ರಕ್ತನಾಳಗಳ ತೊಂದರೆ ಶೇ 37ರಷ್ಟು ಕಡಿಮೆ. ಕಣ್ಣಿನ ಅಕ್ಷಿಪಟಲದ ಹಾನಿ ಮುಂದುವರಿಯುವುದೂ ಮೂರನೇ ಒಂದರಷ್ಟು ತಗ್ಗಿತ್ತು. ಆ ಕಾಲದಲ್ಲಿ ಬಳಸಿದ್ದು ಕ್ಯಾಪ್ಟೊಪ್ರಿಲ್, ಅಟೆನೊಲಾಲ್‌ನಂತಹ ಹಳೆಯ ಔಷಧಗಳೇ. ಸಕ್ಕರೆಯನ್ನು ಹಿಡಿದಿಟ್ಟಿದ್ದಕ್ಕೆ ನಿಮ್ಮವರಿಗೆ ಶಹಭಾಸ್ ಹೇಳುತ್ತೇನೆ. ಒಂಬತ್ತು ವರ್ಷದ ನಂತರ 6.8 ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಆದರೆ ಲಕ್ವಾದಿಂದ ಕಾಪಾಡುವ ಮಾತು ಬಂದಾಗ ಬಿಪಿಯ ತೂಕವೇ ಹೆಚ್ಚು.

‘ಜೀವನ ಪೂರ್ತಿ ನುಂಗಬೇಕೇ’ ಎಂಬುದಕ್ಕೂ ಅದೇ ಅಧ್ಯಯನದ ಮುಂದಿನ ಭಾಗ ಉತ್ತರ ಕೊಟ್ಟಿದೆ, ಅದು ನನಗೆ ಇನ್ನೂ ಸ್ವಾರಸ್ಯಕರ. ಪ್ರಯೋಗ ಮುಗಿದ ಮೇಲೆ ಎಲ್ಲರನ್ನೂ ಅವರವರ ವೈದ್ಯರ ಬಳಿಗೆ ಕಳುಹಿಸಿ, ಹತ್ತು ವರ್ಷ ಹಿಂಬಾಲಿಸಿ 2008ರಲ್ಲಿ ವರದಿ ಮಾಡಿದರು. ಸಕ್ಕರೆಯನ್ನು ಆರಂಭದಿಂದ ಬಿಗಿಯಾಗಿ ಹಿಡಿದವರಿಗೆ, ನಂತರ ಅಂತರ ಮಾಯವಾದರೂ, ಅದರ ಫಲ ವರ್ಷಗಟ್ಟಲೆ ಸಿಗುತ್ತಲೇ ಇತ್ತು. ಬಿಪಿಯ ವಿಷಯದಲ್ಲಿ ಹಾಗಾಗಲಿಲ್ಲ. ಎರಡು ವರ್ಷದೊಳಗೆ ಎರಡೂ ಗುಂಪುಗಳ ಬಿಪಿ ಒಂದೇ ಆಯಿತು, ಗಳಿಸಿದ್ದ ಲಾಭವೂ ಬಹುಪಾಲು ಕರಗಿಹೋಯಿತು. ಅಂದರೆ ಬಿಪಿ ಗುಳಿಗೆ ನುಂಗಿದಷ್ಟು ಕಾಲ ಕಾಯುತ್ತದೆ, ಬಿಟ್ಟರೆ ಹಳೆಯ ಸೇವೆಗೆ ಬೆಲೆ ಇಲ್ಲ. ಗುಳಿಗೆ ಚಟ ಹಿಡಿಸುತ್ತದೆ ಎಂಬುದು ಸುಳ್ಳು. ಬಿಟ್ಟಾಗ ಮತ್ತೆ ಏರುವುದು ಗುಳಿಗೆಯ ದೋಷವಲ್ಲ, ಅದು ಕಾಯಿಲೆ ಇನ್ನೂ ಅಲ್ಲೇ ಇರುವುದರ ಸಾಕ್ಷಿ. ತೂಕ ಚೆನ್ನಾಗಿ ಇಳಿಸಿ ಗುಳಿಗೆ ಕಡಿಮೆ ಮಾಡಿಕೊಂಡವರು ಇದ್ದಾರೆ. ಆದರೆ ಎಸಿಆರ್ ಏರಿರುವ ನಿಮ್ಮವರಿಗೆ ಸಾರ್ಟನ್ ಗುಂಪಿನ ಗುಳಿಗೆಯನ್ನು ಪೂರ್ತಿ ಬಿಡಿಸುವ ಮನಸ್ಸು ಯಾವ ವೈದ್ಯರಿಗೂ ಬರಲಿಕ್ಕಿಲ್ಲ. ಒಂದೇ ಗುಳಿಗೆ ಸಾಲದೆ ಎರಡು, ಮೂರು ಬೇಕಾದರೂ ‘ಕಾಯಿಲೆ ಜೋರಾಯಿತು’ ಎಂದು ಕಂಗಾಲಾಗಬೇಡಿ. ಮಧುಮೇಹಿಗಳಲ್ಲಿ ಅದು ತೀರಾ ಸಾಮಾನ್ಯ. ಆಮ್ಲೊಡಿಪಿನ್ ಎಂಬ ಇನ್ನೊಂದು ಬಿಪಿ ಗುಳಿಗೆ ಸೇರಿಸಿದರೆ ಕೆಲವರ ಪಾದ ಊದುತ್ತದೆ. ಕಿಡ್ನಿ ಹೋಯಿತೆಂದು ಅಂಜದೆ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ.

ಎಷ್ಟಕ್ಕೆ ಇಳಿಸಬೇಕು? 130/80ಕ್ಕಿಂತ ಕೆಳಗೆ ಎಂಬುದು ಇಂದು ಹೆಚ್ಚಿನ ವೈದ್ಯರು ಇಟ್ಟುಕೊಳ್ಳುವ ಗುರಿ. ಇನ್ನೂ ಕೆಳಗೆ, 120ರ ಒಳಗೆ ತರಬೇಕೇ ಎಂಬ ಬಗ್ಗೆ ತಜ್ಞರಲ್ಲಿ ಜಗಳವಿದೆ. 2010ರಲ್ಲಿ ಅಮೆರಿಕದ ಅಕಾರ್ಡ್ ಅಧ್ಯಯನದಲ್ಲಿ 120ರ ಒಳಗೆ ಇಳಿಸಿದಾಗ ಲಕ್ವಾ ಕಡಿಮೆಯಾದರೂ ಒಟ್ಟಾರೆ ಹೃದಯದ ಲಾಭ ಸ್ಪಷ್ಟವಾಗಲಿಲ್ಲ, ಅಡ್ಡ ಪರಿಣಾಮಗಳು ಹೆಚ್ಚಿದವು. 2024ರಲ್ಲಿ ಚೀನಾದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ನಡೆದ ಬಿಪ್ರೋಡ್ ಅಧ್ಯಯನ ಮಾತ್ರ 120ರ ಗುರಿಯಿಂದ ಹೃದಯಾಘಾತ, ಲಕ್ವಾ ಮುಂತಾದವು ಐದನೇ ಒಂದರಷ್ಟು ತಗ್ಗಿದವೆಂದು ತೋರಿಸಿತು. ಅಲ್ಲಿಯೂ ಬಿಪಿ ತೀರಾ ಇಳಿಯುವ, ಪೊಟ್ಯಾಸಿಯಂ ಏರುವ ತೊಂದರೆ ಹೆಚ್ಚಿತ್ತು. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಪತಿ ಮೊದಲು 130ಕ್ಕೆ ಬಂದು ಅಲ್ಲಿ ತಲೆ ತಿರುಗದೆ ನಿಲ್ಲಲಿ. ಉಳಿದ ಹತ್ತರ ಮಾತು ಆಮೇಲೆ.

ತಲೆ ತಿರುಗುವ ಮಾತನ್ನು ಹಗುರವಾಗಿ ಬಿಡುವಂತಿಲ್ಲ. ಬಗ್ಗಿ ಎದ್ದಾಗ ಕಣ್ಣು ಕತ್ತಲೆ ಬರುವುದು ಗುಳಿಗೆಯಿಂದಲೂ ಆಗಬಹುದು, ಬಿಸಿಲಲ್ಲಿ ನೀರು ಕುಡಿಯದೆ ದುಡಿದದ್ದರಿಂದಲೂ ಆಗಬಹುದು, ಮಧುಮೇಹ ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳನ್ನು ಕೆಡಿಸಿದ್ದರಿಂದಲೂ ಆಗಬಹುದು. ಗ್ಲಿಮೆಪಿರೈಡ್‌ನಿಂದ ಸಕ್ಕರೆ ಇಳಿದಾಗಲೂ ಹೀಗೇ ಅನ್ನಿಸುತ್ತದೆ. ಆದ್ದರಿಂದ ಮುಂದಿನ ಸಲ ಹೋದಾಗ ಮಲಗಿಸಿ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡುವಂತೆ ವೈದ್ಯರನ್ನು ಕೇಳಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಔಷಧದ ಆಯ್ಕೆ, ಹೊತ್ತು, ಪ್ರಮಾಣ ಎಲ್ಲವನ್ನೂ ಮತ್ತೆ ಯೋಚಿಸಬೇಕಾಗುತ್ತದೆ. ಹಾಗೆ ಅನ್ನಿಸಿದ ಕ್ಷಣದಲ್ಲಿ ಸಾಧ್ಯವಾದರೆ ಸಕ್ಕರೆಯನ್ನೂ ಪರೀಕ್ಷಿಸಿ. ಇದಾವುದನ್ನೂ ಮಾಡದೆ ಗುಳಿಗೆ ಬಿಡುವುದೂ ತಪ್ಪು, ತಿರುಗುತ್ತಿದ್ದರೂ ಸುಮ್ಮನೆ ನುಂಗುವುದೂ ತಪ್ಪು.

ಮನೆಯಲ್ಲಿ ಒಂದು ಬಿಪಿ ಯಂತ್ರ ಇಟ್ಟುಕೊಳ್ಳಿ. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಕಟ್ಟುವುದೇ ಇರಲಿ, ಪಟ್ಟಿ ತೋಳಿನ ಗಾತ್ರಕ್ಕೆ ಸರಿಯಾಗಿರಲಿ. ಚಹಾ, ಬೀಡಿ, ತಂಬಾಕಿನ ನಂತರ ಅರ್ಧ ಗಂಟೆ ಬಿಟ್ಟು, ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವಂತೆ ಕುರ್ಚಿಯಲ್ಲಿ ಐದು ನಿಮಿಷ ಮಾತಿಲ್ಲದೆ ಕೂರಬೇಕು. ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಬೆಳಿಗ್ಗೆ ಗುಳಿಗೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ ನೋಡಿ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85 ದಾಟಿದರೆ ಅದು ಆಸ್ಪತ್ರೆಯ 140/90ಕ್ಕೆ ಸಮ. ಈ ಒಂದು ಹಾಳೆ ವೈದ್ಯರಿಗೆ ನೀವು ಕೊಡಬಹುದಾದ ಅತ್ಯುತ್ತಮ ಕಾಗದ. ದಿನಕ್ಕೆ ಹತ್ತು ಸಲ ನೋಡಿ ಹತ್ತು ಸಲ ಗಾಬರಿಯಾಗುವುದು ಮಾತ್ರ ಬೇಡ.

ಉಪ್ಪಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಸುಮಾರು ಒಂದು ಚಹಾ ಚಮಚ, ಅಡುಗೆಯದೂ ಅಂಗಡಿಯದೂ ಸೇರಿ. ನಮ್ಮ ಊಟದಲ್ಲಿ ಒಂದು ಅನುಕೂಲವಿದೆ: ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಬೀಳುವುದೇ ಇಲ್ಲ ಅಥವಾ ಚಿಟಿಕೆಯಷ್ಟು. ಅಪಾಯ ಇರುವುದು ರೊಟ್ಟಿಯ ಪಕ್ಕದಲ್ಲಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಂಜಕ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಹಾಕಿದ ಮಜ್ಜಿಗೆ, ಸಂಜೆಗೆ ಗಿರ್ಮಿಟ್ ಜೊತೆ ಮಿರ್ಚಿ. ಬ್ಯಾಡಗಿ ಮೆಣಸಿನಕಾಯಿಯ ಖಾರದಿಂದ ಬಿಪಿ ಏರುತ್ತದೆ ಎಂದು ಹಲವರು ಖಾರ ಬಿಡುತ್ತಾರೆ, ಉಪ್ಪಿನಕಾಯಿ ಬಿಡುವುದಿಲ್ಲ. ಮಾಡಬೇಕಾದದ್ದು ತಿರುಗಾಮುರುಗಾ. ಚಟ್ನಿಪುಡಿಗೆ ಹಾಕುವ ಉಪ್ಪನ್ನು ಅರ್ಧಕ್ಕೆ ಇಳಿಸಿ, ಹುಣಸೆ, ಲಿಂಬೆ, ಜೀರಿಗೆ, ಬೆಳ್ಳುಳ್ಳಿಯಿಂದ ರುಚಿ ತುಂಬಿಸಿ. ಬೆಳ್ಳುಳ್ಳಿಯ ಉಪಯೋಗ ಅಲ್ಲಿ. ಬಿಪಿಯನ್ನು ಅದು ಅಲ್ಪಸ್ವಲ್ಪ ಇಳಿಸಬಹುದು, ಗುಳಿಗೆಯ ಜಾಗ ತುಂಬಲಾರದು. ಸೈಂಧವ ಲವಣ, ಕಲ್ಲುಪ್ಪು ಎಲ್ಲವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದಲ್ಲಿ ಸೋರಿಕೆ ಇರುವ, ಟೆಲ್ಮಿಸಾರ್ಟನ್ ನುಂಗುವ ಮನುಷ್ಯ ವೈದ್ಯರನ್ನು ಕೇಳದೆ ಅದನ್ನು ಬಳಸಕೂಡದು.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳಿದ್ದಾರೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಮತ್ತು ತೂಕ ಒಂದು ಕಿಲೋ ಇಳಿದರೆ ಮೇಲಿನ ಬಿಪಿ ಹೆಚ್ಚುಕಡಿಮೆ ಒಂದರಷ್ಟು ಇಳಿಯುತ್ತದೆ ಎಂಬ ಲೆಕ್ಕ ನೆನಪಿರಲಿ. ಆ ಲೆಕ್ಕದಲ್ಲಿ 154ರಿಂದ 130ಕ್ಕೆ ನಡಿಗೆಯೊಂದರಿಂದಲೇ ಬರುವುದು ಕಷ್ಟ ಎಂಬುದು ನಿಮಗೇ ಗೊತ್ತಾಗುತ್ತದೆ. ತಂಬಾಕು, ಗುಟ್ಕಾ ಇದ್ದರೆ ಬಿಡಲೇಬೇಕು. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಹತೋಟಿಗೆ ಬಾರದ ಬಿಪಿಯ ಹಿಂದೆ ಹಲವು ಸಲ ಅದೇ ಇರುತ್ತದೆ.

ಮುಂದಿನ ಭೇಟಿಯಲ್ಲಿ ಕೇಳಬೇಕಾದವು ಇನ್ನು ಕೆಲವಿವೆ. ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವ ಪರೀಕ್ಷೆ ವರ್ಷಕ್ಕೊಮ್ಮೆ ಆಗಿದೆಯೇ? ಕನ್ನಡಕದ ನಂಬರ್ ನೋಡಿಸಿಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ಕೊಲೆಸ್ಟರಾಲ್‌ಗೆ ಸ್ಟಾಟಿನ್ ಬೇಕೇ? ಈ ವಯಸ್ಸಿನ ಮಧುಮೇಹಿಗಳಲ್ಲಿ ಬಹುತೇಕರಿಗೆ ಬೇಕು. ಎಸಿಆರ್ ಏರಿರುವುದರಿಂದ ಗ್ಲಿಮೆಪಿರೈಡ್ ಬದಲಿಗೆ ಡಪಾಗ್ಲಿಫ್ಲೋಜಿನ್ ಗುಂಪಿನ ಗುಳಿಗೆ ಹೊಂದುತ್ತದೆಯೇ? ಆಗಲೇ ಹೇಳಿದ, ಸಕ್ಕರೆಯೊಂದಿಗೆ ಸೋಡಿಯಂ ಹಿಂದಕ್ಕೆ ಹೋಗುವ ದಾರಿಯನ್ನು ಇದು ಮುಚ್ಚುತ್ತದೆ, ಬಿಪಿಯನ್ನು ಸ್ವಲ್ಪ ಇಳಿಸುತ್ತದೆ, ಮೂತ್ರಪಿಂಡ ಮತ್ತು ಹೃದಯವನ್ನು ಕಾಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿದೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ಜನನಾಂಗದ ಶಿಲೀಂಧ್ರ ಸೋಂಕು ಕೆಲವರಿಗೆ ಕಾಡುತ್ತದೆ, ವಾಂತಿ ಭೇದಿಯ ದಿನ, ಉಪವಾಸದ ದಿನ ಇದನ್ನೂ ನಿಲ್ಲಿಸಬೇಕು. ಆಸ್ಪಿರಿನ್ ಅನ್ನು ನೀವಾಗಿ ಶುರು ಮಾಡಬೇಡಿ. ದುಡ್ಡಿನ ಚಿಂತೆಯಿದ್ದರೆ, ಟೆಲ್ಮಿಸಾರ್ಟನ್, ಆಮ್ಲೊಡಿಪಿನ್ ಹಳೆಯ, ಅಗ್ಗದ ಔಷಧಗಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಜನೌಷಧಿ ಕೇಂದ್ರದಲ್ಲೂ ಸಿಗುತ್ತವೆ. ಪ್ರತಿ ತಿಂಗಳ ಗುಳಿಗೆಗಾಗಿ ಹುಬ್ಬಳ್ಳಿಯವರೆಗೆ ಬರುವ ಅಗತ್ಯವಿಲ್ಲ.

ಕೊನೆಯದಾಗಿ, ನೀವು ಕೇಳದಿದ್ದರೂ ಮನೆಯವರೆಲ್ಲ ತಿಳಿದಿರಬೇಕಾದ ಒಂದು ವಿಷಯ. ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದರೊಳಗೆ ಸಕ್ಕರೆ ಪರೀಕ್ಷಿಸಿ, ಏಕೆಂದರೆ ಸಕ್ಕರೆ ತೀರಾ ಇಳಿದಾಗಲೂ ಲಕ್ವಾದಂತೆಯೇ ಕಾಣಬಹುದು. ಬಿಪಿ ಎಷ್ಟೇ ಇರಲಿ, ಮನೆಯಲ್ಲಿದ್ದ ಬಿಪಿ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಡಬೇಡಿ. ಒತ್ತಡ ಒಮ್ಮೆಲೇ ಕುಸಿದರೆ ಮಿದುಳಿನ ಹಾನಿ ಹೆಚ್ಚುತ್ತದೆ. ನುಂಗಲು ನೀರನ್ನೂ ಕೊಡಬೇಡಿ. ರಕ್ತದ ಗರಣೆಯಿಂದ ಆದ ಲಕ್ವಾ ಆಗಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ನಾಲ್ಕೂವರೆ ಗಂಟೆ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಗದಗದಿಂದ ಹುಬ್ಬಳ್ಳಿಗೇ ಸುಮಾರು 60 ಕಿಲೋಮೀಟರ್, ನಿಮ್ಮ ಊರಿನಿಂದ ಇನ್ನೂ ಹೆಚ್ಚು. ಹೀಗಾಗಿ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸ್ಕ್ಯಾನ್ ಇದೆ, ಆ ಚುಚ್ಚುಮದ್ದು ಎಲ್ಲಿ ಕೊಡುತ್ತಾರೆ ಎಂಬುದನ್ನು ಈ ವಾರವೇ ವಿಚಾರಿಸಿ, ಫೋನ್ ನಂಬರ್ ಬರೆದು ಗೋಡೆಗೆ ಅಂಟಿಸಿ.